ನಾಲ್ಕನೇ ನಾಝಲ್

ಬಸ್ಸಿನವರ ಮುಷ್ಕರ ಶುರುವಾದ ಮೂರನೆಯ ದಿನ ಉರಿಗಾಂನ ಕುಪ್ಪುಸ್ವಾಮಿಯ ಟ್ಯಾಕ್ಸಿ ಕರಿ ಹೊಗೆ ಕಾರುತ್ತ, ಕುಂಟುತ್ತ ಬಂದು ಅಶ್ವತ್ಥಪ್ಪನ ಶೆಡ್ಡಿನ ಮುಂದೆ ನಿಂತಿತು. ಎಂಬತ್ತೆಂಟನೇ ಇಸವಿಯ ಬೇಸಿಗೆ. ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಹೋಗುವ ರಸ್ತೆಯಲ್ಲಿ, ಪೇಟೆ ದಾಟಿ ಎರಡು ಮೈಲಿಗೆ, ಹುಣಸೆಮರದ ಕೆಳಗಿದ್ದ ಆ ತಗಡಿನ ಶೆಡ್ಡಿಗೆ ಬೋರ್ಡು ಇರಲಿಲ್ಲ. ಡೀಸೆಲ್ ಗಾಡಿ ಇಟ್ಟುಕೊಂಡವರಿಗೆಲ್ಲ ಅದು ಗೊತ್ತಿತ್ತು. ಇಂಜಿನ್ನಿನೊಳಕ್ಕೆ ಡೀಸೆಲನ್ನು ಮಂಜಿನ ಹಾಗೆ ಊದುವ ನಾಝಲ್ ಎಂಬ ಬೆರಳುದ್ದದ ಸಾಮಾನು ಕೆಟ್ಟರೆ ಅದನ್ನು ಬಿಚ್ಚಿ, ತೊಳೆದು, ಪರೀಕ್ಷೆ ಮಾಡಿ ಕೂರಿಸಿಕೊಡುವವನು ಕೋಲಾರ ಬಿಟ್ಟರೆ ಈ ಕಡೆಗೆ ಅಶ್ವತ್ಥಪ್ಪ ಒಬ್ಬನೇ.

ಗಾಡಿ ಬಂದಾಗ ಅವನ ಹೆಂಡತಿ ಗಂಗರತ್ನಮ್ಮ ಬುತ್ತಿಗಂಟನ್ನು ಗೂಟಕ್ಕೆ ನೇತುಹಾಕಿ ಆಗ ತಾನೇ ಗೋಣಿಚೀಲದ ಮೇಲೆ ಕೂತಿದ್ದಳು. ಬೆಳಗಿನ ನಾಲ್ಕಕ್ಕೆ ಎದ್ದವಳು ಕೂತದ್ದು ಅದೇ ಮೊದಲು. ಎರಡು ಸೀಮೆಹಸುಗಳ ಕೊಟ್ಟಿಗೆ ಬಳಿದು, ಹಾಲು ಕರೆದು ಡೈರಿಗೆ ಹಾಕಿ, ಮಂಡಿನೋವಿನ ಅತ್ತೆ ಅಮ್ಮಾಜಮ್ಮನಿಗೆ ನೀರು ಕಾಯಿಸಿಕೊಟ್ಟು, ಮುದ್ದೆ ತೊಳಸಿ, ಕರೆಂಟು ಇದ್ದಷ್ಟು ಹೊತ್ತು ಹಿಪ್ಪುನೇರಳೆಗೆ ನೀರು ಕಟ್ಟಿ, ಅಲ್ಲಿಂದ ಬಿಸಿಲಲ್ಲಿ ನಡೆದು ಬಂದಿದ್ದಳು. ಕೂತ ಮೇಲೆ ಕಾಲು ಮತ್ತೆ ಏಳಲು ಒಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೂತಿದ್ದಳು.

ಶೆಡ್ಡಿನಲ್ಲಿ ಅವಳಿಗೂ ಒಂದು ಕೆಲಸವಿತ್ತು. ಮೊದಲಿದ್ದ ಆಳು ಎರಡು ವರ್ಷದ ಹಿಂದೆ ಬಿಟ್ಟು ಹೋದ ಮೇಲೆ ಟೆಸ್ಟರಿನ ಹಿಡಿ ಒತ್ತುವವಳು ಅವಳೇ. ಟೆಸ್ಟರ್ ಅಂದರೆ ಮೇಜಿಗೆ ಬಿಗಿದ ಒಂದು ಕೈಪಂಪು. ಮೇಲೊಂದು ಡೀಸೆಲ್ ಎಣ್ಣೆಯ ಡಬ್ಬಿ, ಪಕ್ಕದಲ್ಲಿ ಒತ್ತಡ ತೋರಿಸುವ ಮುಳ್ಳು. ನಾಝಲನ್ನು ಅದಕ್ಕೆ ಸಿಕ್ಕಿಸಿ ಹಿಡಿ ಒತ್ತಿದರೆ ತುದಿಯಿಂದ ಎಣ್ಣೆ ಬರಬೇಕು. ನಾಝಲ್ ಸರಿಯಿದ್ದರೆ ಕರ್‍ರ್ ಎಂದು ಸದ್ದು ಮಾಡಿಕೊಂಡು ಹೊಗೆಯ ಹಾಗೆ ಬರುತ್ತದೆ. ಕೆಟ್ಟಿದ್ದರೆ ಸಣ್ಣ ದಾರದಂತೆ ನೆಟ್ಟಗೆ ಚಿಮ್ಮುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ಒತ್ತುವುದು ಅವಳ ಪಾಲಿಗೆ, ನೋಡುವುದು ಅವನ ಪಾಲಿಗೆ. ನೋಡನೋಡುತ್ತ ಅವಳಿಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಯಾವ ಗಾಡಿಗೆ ಮುಳ್ಳು ಎಲ್ಲಿಗೆ ಏರಬೇಕು ಎನ್ನುವುದಂತೂ ಬಾಯಿಪಾಠವಾಗಿತ್ತು.

ಮೊದಲ ದಿನವೇ ಅಶ್ವತ್ಥಪ್ಪ ಅವಳಿಗೆ ಒಂದು ಮಾತು ಹೇಳಿದ್ದ. ಏನು ಮರೆತರೂ ಇದನ್ನು ಮರೆಯಬೇಡ, ನಾಝಲಿನ ಬಾಯಿಗೆ ಕೈ ಒಡ್ಡಬೇಡ ಎಂದಿದ್ದ. ಅವನು ಕೆಜಿಎಫ್ ಗಣಿಗಳಲ್ಲೊಂದಾದ ಮೈಸೂರು ಮೈನ್ಸಿನ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಕಂಪ್ರೆಸರುಗಳ ಹತ್ತಿರ ದುಡಿದವನು. ಅಲ್ಲಿ ಒಬ್ಬ ಫಿಟ್ಟರಿನ ಅಂಗೈಗೆ ಗ್ರೀಸು ತುಂಬುವ ಗನ್ನಿನಿಂದ ಗ್ರೀಸು ಹೊಕ್ಕಿತಂತೆ. ಗಾಯವೇ ಕಾಣಿಸಲಿಲ್ಲವಂತೆ. ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ಮಣಿಕಟ್ಟಿನವರೆಗೆ ಕೈ ತೆಗೆದರಂತೆ.

ಅವತ್ತು ಕುಪ್ಪುಸ್ವಾಮಿ ಆತುರದಲ್ಲಿದ್ದ. ಬಸ್ಸಿಲ್ಲದ ದಿನಗಳಲ್ಲಿ ಟ್ಯಾಕ್ಸಿಗೆ ಜನ ಮುಗಿಬೀಳುತ್ತಿದ್ದರು, ಅಂಥ ಹೊತ್ತಿನಲ್ಲೇ ಗಾಡಿ ಕೈಕೊಟ್ಟಿತ್ತು. ಯಾರದೋ ಪೀಪಾಯಿಯ ಡೀಸೆಲ್ ಹಾಕಿಸಿದ ಮೇಲೆ ಹೀಗಾಗಿದೆ, ಏರಿನಲ್ಲಿ ಎಳೆಯುವುದೇ ಇಲ್ಲ ಎಂದು ತನ್ನ ಅರೆತಮಿಳು ಕನ್ನಡದಲ್ಲಿ ಹೇಳಿಕೊಂಡ. ಅಶ್ವತ್ಥಪ್ಪ ಇಂಜಿನ್ ನಿಲ್ಲಿಸಬೇಡ ಎಂದು ಬಾನೆಟ್ ಎತ್ತಿ, ಕತ್ತು ವಾರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಮೊದಲನೆಯ ನಾಝಲಿಗೆ ಬರುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಇಂಜಿನ್ನಿನ ಸದ್ದು ಕುಸಿಯಿತು. ಮತ್ತೆ ಬಿಗಿದ. ಎರಡನೆಯದನ್ನು ಸಡಿಲಿಸಿದಾಗಲೂ ಕುಸಿಯಿತು, ಮೂರನೆಯದಕ್ಕೂ ಹಾಗೇ. ನಾಲ್ಕನೆಯದು ಹಿಂದೆ ತಗಡಿಗೆ ಒತ್ತಿಕೊಂಡು ಇಕ್ಕಟ್ಟಿನಲ್ಲಿತ್ತು. ಅದನ್ನು ಸಡಿಲಿಸಿದಾಗ ಇಂಜಿನ್ ಏನೂ ಆಗದ ಹಾಗೆ ಮೊದಲಿನಂತೆಯೇ ಕುಂಟುತ್ತಿತ್ತು.

“ಮೂರು ದುಡೀತಾವೆ. ನಾಲ್ಕನೇದು ಕೂತ್ಕೊಂಡು ತಿಂತೈತೆ,” ಎಂದ ಅಶ್ವತ್ಥಪ್ಪ.

ನಾಲ್ಕನ್ನೂ ಬಿಚ್ಚಿದ. ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಹಾಕಿ ಹಿತ್ತಾಳೆ ಬ್ರಷ್ಷಿನಿಂದ ಮಸಿ ಉಜ್ಜಿದ. ಒಳಗಿನ ಸೂಜಿಗಳು ಅದಲುಬದಲಾಗಬಾರದು, ಒಂದರ ಸೂಜಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಅದಕ್ಕೆಂದೇ ನಾಲ್ಕು ಬಟ್ಟಲು ಇದ್ದವು. ತೊಳೆದ ಸೂಜಿಯನ್ನು ಅದರ ಗೂಡಿನಿಂದ ಅರ್ಧ ಎಳೆದು ಬಿಟ್ಟರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರಿ ಇಳಿಯಬೇಕು. ಮೂರು ಹಾಗೆ ಇಳಿದವು. ನಾಲ್ಕನೆಯದು ನಡುವೆ ತಡೆದು ನಿಂತಿತು. ಅವನು ಅದನ್ನು ಮತ್ತೆ ತೊಳೆದ, ಮತ್ತೆ ಬಿಟ್ಟ. ಈ ಸಲ ಹೇಗೋ ಇಳಿಯಿತು.

ಹಿಂದಿನ ರಾತ್ರಿ ಅವನೂ ಸರಿಯಾಗಿ ಮಲಗಿರಲಿಲ್ಲ. ಒಂದು ಹಸು ಹೊಟ್ಟೆಯುಬ್ಬರದಿಂದ ಒದ್ದಾಡುತ್ತಿತ್ತು. ಇಬ್ಬರೂ ಅದಕ್ಕೆ ಎಣ್ಣೆ ಕುಡಿಸಿ, ಕೊಟ್ಟಿಗೆಯಲ್ಲೇ ಓಡಾಡಿಸಿ ಬೆಳಗು ಮಾಡಿದ್ದರು.

ಮೂರು ನಾಝಲ್‌ಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ತಗಡು ಕಾದು ಶೆಡ್ಡಿನೊಳಗೆ ಉಸಿರು ಕಟ್ಟುತ್ತಿತ್ತು. ನಾಲ್ಕನೆಯದನ್ನು ಸಿಕ್ಕಿಸಿದ. ಗಂಗರತ್ನಮ್ಮ ಹಿಡಿ ಒತ್ತಿದಳು. ಮುಳ್ಳು ಏರಿತು, ನೂರಮೂವತ್ತೈದಕ್ಕೆ ಬಂತು. ಎಣ್ಣೆ ಹೊಗೆಯಾಗಿ ಬರದೆ ದಾರದಂತೆ ಚಿಮ್ಮಿತು, ತುದಿಯಲ್ಲಿ ಒಂದು ಹನಿ ನೇತಾಡಿತು. ಅಶ್ವತ್ಥಪ್ಪ ಬಗ್ಗಿ ನೋಡಿದ. ಇನ್ನೊಮ್ಮೆ ಎಂದ. ಅವಳು ಒತ್ತಿದಳು. ಇನ್ನೊಮ್ಮೆ ಎಂದ. ಒತ್ತಿದಳು. ಕೈ ಮೇಲೆ ಕೆಳಗೆ ಆಗುತ್ತಲೇ ಇತ್ತು. ಕಣ್ಣು ತೆರೆದೇ ಇತ್ತು, ಆದರೆ ಅವಳು ಅಲ್ಲಿರಲಿಲ್ಲ. ನಿಲ್ಸು ಎಂಬ ಮಾತು ಎಲ್ಲೋ ದೂರದ ಹೊಲದಿಂದ ಯಾರೋ ಕೂಗಿದಂತೆ ಕಿವಿಗೆ ಬಿತ್ತು. ಅದು ಒಳಗೆ ಇಳಿಯುವಷ್ಟರಲ್ಲಿ ಕೈ ಮತ್ತೊಂದು ಸಲ ಕೆಳಕ್ಕೆ ಹೋಗಿತ್ತು.

ಅಶ್ವತ್ಥಪ್ಪ ಆ ಹನಿಯನ್ನು ಒರೆಸಲು ಬಲಗೈಯ ತೋರುಬೆರಳನ್ನು ನಾಝಲಿನ ತುದಿಗೆ ಇಟ್ಟಿದ್ದ. ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡ. ಕೂಗಲಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಗೆಣ್ಣಿನ ಮೇಲೆ ಒಂದು ಚುಕ್ಕೆ, ಅದರಲ್ಲಿ ಸಾಸಿವೆಯಷ್ಟು ರಕ್ತ.

ಗಂಗರತ್ನಮ್ಮನ ನಿದ್ದೆ ಹಾರಿಹೋಗಿತ್ತು. ಅವಳು ಅವನ ಕೈ ಹಿಡಿದು ನೋಡಲು ಬಂದರೆ ಅವನು ಬಟ್ಟೆಯಲ್ಲಿ ಒರೆಸಿಕೊಂಡು ಬಿಟ್ಟ.

“ಏನೂ ಆಗಿಲ್ಲ ಕಣೇ. ಸೂಜಿ ಚುಚ್ಚಿದಂಗೈತೆ, ಅಷ್ಟೇಯ.”

“ಮೈನ್ಸಿನ ಫಿಟ್ಟರ್ ವಿಸ್ಯ ನೀನೇ ಏಳಿದ್ದಲ್ವಾ?”

“ಅದು ಗ್ರೀಸು, ದಪ್ಪ. ಇದು ಬರೀ ಎಣ್ಣೆ. ತಾನಾಗಿ ಇಳ್ದೋಯ್ತದೆ ಬುಡು.”

ಅವಳಿಗೆ ಆ ಮಾತನ್ನು ನಂಬಬೇಕೆನಿಸಿತು. ನಂಬದಿದ್ದರೆ ಮಾಡಬೇಕಾದ ಕೆಲಸಗಳ ಸಾಲೇ ಕಣ್ಣೆದುರು ನಿಂತಿತ್ತು, ಅದನ್ನು ಎದುರಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಆದರೂ ಕೂಡುರಸ್ತೆಯಲ್ಲಿ ಮದ್ದು ಕೊಡುವವನೊಬ್ಬನಿದ್ದ, ಅಲ್ಲಿಗಾದರೂ ಬಾ ಎಂದು ಎಬ್ಬಿಸಿದಳು. ಮದ್ದಿನವನು ಬೆರಳನ್ನು ನೋಡಿ, ನೀರಿನಲ್ಲಿ ತೊಳೆದು, ಒಂದು ಸೂಜಿಮದ್ದು ಕೊಟ್ಟು, ಹಳದಿ ಮುಲಾಮು ಹಚ್ಚಿ ಪಟ್ಟಿ ಸುತ್ತಿದ. ಇಷ್ಟಕ್ಕೆಲ್ಲ ಹೆದರುತ್ತಾರೆಯೇ, ನೋವಿದ್ದರೆ ನಾಳೆ ಬನ್ನಿ ಎಂದ. ಗಂಗರತ್ನಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ವಾಪಸು ಬಂದು ಇಬ್ಬರೂ ಬುತ್ತಿ ಬಿಚ್ಚಿದರು. ಅಶ್ವತ್ಥಪ್ಪ ಮುದ್ದೆಯನ್ನು ಎಡಗೈಯಲ್ಲಿ ಮುರಿದ. ಅವಳು ಅದನ್ನು ಕಂಡಳು, ಪಟ್ಟಿ ಕಟ್ಟಿದೆಯಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು.

ಮೂರು ಗಂಟೆಯ ಹೊತ್ತಿಗೆ ಅವಳು ಹಾಲು ಕರೆಯುವ ಹೊತ್ತಾಯಿತೆಂದು ಸೆರಗು ಕೊಡವಿಕೊಂಡು ಹೊರಟಳು. ಹುಣಸೆಮರ ದಾಟಿ ಸ್ವಲ್ಪ ದೂರ ಹೋದವಳಿಗೆ ಯಾಕೋ ಶೆಡ್ಡಿನಿಂದ ಸದ್ದೇ ಬರುತ್ತಿಲ್ಲ ಅನ್ನಿಸಿ ತಿರುಗಿ ನೋಡಿದಳು. ಅಶ್ವತ್ಥಪ್ಪ ಮೇಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಬಲಗೈಯನ್ನು ಎಡಗೈಯಿಂದ ಹಿಡಿದು ತಲೆಯ ಮಟ್ಟಕ್ಕೆ ಎತ್ತಿಕೊಂಡಿದ್ದ. ಕುಪ್ಪುಸ್ವಾಮಿ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಏನೋ ಕೇಳುತ್ತಿದ್ದ.

ಅವಳು ಓಡಿಬಂದು ಪಟ್ಟಿ ಬಿಚ್ಚಿದಳು. ಬೆರಳು ಊದಿ ಬಿಳಿಚಿಕೊಂಡಿತ್ತು, ತುದಿ ಬೂದಿಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ತಣ್ಣಗಿತ್ತು. ಅವಳು ಒತ್ತಿದಾಗ ಆ ಚುಕ್ಕೆಯಿಂದ ರಕ್ತ ಬರಲಿಲ್ಲ, ತೆಳ್ಳನೆಯ ಎಣ್ಣೆಯೊಂದು ಹನಿ ಬಂತು. ಅಶ್ವತ್ಥಪ್ಪ ಹಲ್ಲು ಕಚ್ಚಿ ಮುಖ ತಿರುಗಿಸಿದ. ಉರಿ ಮೊಣಕೈಗೆ ಏರಿದೆ ಎಂದು ಆಗ ಒಪ್ಪಿಕೊಂಡ.

ಬಸ್ಸಿಲ್ಲ. ಸ್ಟೇಷನ್ನಿಗೆ ಎರಡು ಮೈಲಿ ಹಿಂದಕ್ಕೆ ನಡೆದರೆ ಮಾರಿಕುಪ್ಪಂ ರೈಲು ಸಿಗುವುದು ಸಂಜೆ ಆರಕ್ಕೆ. ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ಮುಷ್ಕರದವರು ಕಲ್ಲು ತೂರುತ್ತಾರೆಂದು ಲಾರಿಯವರು ಯಾರೂ ಗಾಡಿ ತೆಗೆದಿರಲಿಲ್ಲ. ಎದುರಿಗೆ ನಿಂತಿದ್ದ ಕಾರಿನ ಇಂಜಿನ್ನಿನಲ್ಲಿ ನಾಲ್ಕು ತೂತುಗಳು ಬಾಯಿ ಬಿಟ್ಟುಕೊಂಡಿದ್ದವು.

ಉರಿಗಾಂನಲ್ಲಿ ತಮ್ಮ ಬೀದಿಯ ಹತ್ತಿರವೇ ಒಬ್ಬ ಹಳೇ ಡಾಕ್ಟರಿದ್ದಾರೆ, ಮೂವತ್ತು ವರ್ಷ ಗಣಿ ಕೆಲಸಗಾರರ ಕೈಕಾಲು ನೋಡಿದವರು, ಈಗ ಎಂಟು ಮಂಚದ ಸ್ವಂತ ಆಸ್ಪತ್ರೆ ನಡೆಸುತ್ತಾರೆ ಎಂದು ಕುಪ್ಪುಸ್ವಾಮಿ ಹೇಳಿದ. ಕೆಟ್ಟ ನಾಝಲನ್ನು ಹಾಗೇ ಕೂರಿಸಿಬಿಟ್ಟರೂ ಮೂರರ ಮೇಲೆ ಗಾಡಿ ಹೇಗೋ ಹೋಗುತ್ತದೆ, ಆದರೆ ಕೂರಿಸುವವರು ಯಾರು ಎಂದ. ಅಶ್ವತ್ಥಪ್ಪ ಏಳಲು ನೋಡಿ ಮತ್ತೆ ಕೂತ.

“ಬಾಯಲ್ಲಿ ಏಳು, ಯಾವ್ದು ಮೊದ್ಲು?” ಎಂದಳು ಗಂಗರತ್ನಮ್ಮ, ಸೆರಗನ್ನು ಸೊಂಟಕ್ಕೆ ಬಿಗಿದು.

ಅಶ್ವತ್ಥಪ್ಪ ನೆಲದಲ್ಲಿ ಕೂತಲ್ಲಿಂದಲೇ ಹೇಳಿದ. ಹಳೆಯ ತಾಮ್ರದ ವಾಷರ್ ತೂತಿನಲ್ಲಿ ಉಳಿದಿದ್ದರೆ ತೆಗೆ, ಹೊಸದು ಹಾಕು. ನಾಝಲನ್ನು ನೆಟ್ಟಗೆ ಇಳಿಸು. ಎರಡು ಕಡೆಯ ನಟ್ಟನ್ನೂ ಇಷ್ಟಿಷ್ಟೇ ಬಿಗಿ, ಒಂದೇ ಕಡೆ ಬಿಗಿದರೆ ವಾರೆಯಾಗಿ ಹೊಗೆ ಸೋರುತ್ತದೆ. ಮೂರನ್ನು ಕುಪ್ಪುಸ್ವಾಮಿಯೂ ಅವಳೂ ಸೇರಿ ಕೂರಿಸಿದರು. ನಾಲ್ಕನೆಯ ಜಾಗದಲ್ಲಿ ಕುಪ್ಪುಸ್ವಾಮಿಯ ದಪ್ಪ ಕೈ ತಗಡಿಗೂ ಇಂಜಿನ್ನಿಗೂ ನಡುವೆ ಸಿಕ್ಕಿಕೊಂಡು ಗೀರಿತು.

“ಅಕ್ಕಾ, ನನ್ನ ಕೈ ಉಳ್ಳೆ ಪೋಗಲ್ಲ. ನೀವೇ ಬಿಡಬೇಕು,” ಎಂದು ಅವನು ಹಿಂದೆ ಸರಿದ.

ಅವಳು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಕೈ ತೂರಿಸಿದಳು. ಇಂಜಿನ್ ಇನ್ನೂ ಬೆಚ್ಚಗಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಎಲ್ಲವನ್ನೂ ಬೆರಳೇ ನೋಡಬೇಕು. ವಾಷರ್ ಎರಡು ಸಲ ಜಾರಿ ಕೆಳಗೆ ಬಿತ್ತು. ಮೂರನೆಯ ಸಲ ಅದಕ್ಕೆ ಸ್ವಲ್ಪ ಗ್ರೀಸು ಹಚ್ಚಿ ನಾಝಲಿಗೇ ಅಂಟಿಸಿ ಇಳಿಸಿದಳು. ಕೂತಿತು. ನಟ್ಟುಗಳನ್ನು ಅಷ್ಟಷ್ಟೇ ಬಿಗಿಯುವಾಗ ಹಿಂದಿನಿಂದ ಗಂಡ ನರಳುವುದು ಕೇಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ತಿರುಗಿದರೆ ಕೈ ತಪ್ಪುತ್ತದೆ ಎಂಬ ಭಯ.

ಪೈಪುಗಳೆಲ್ಲ ಸೇರಿದ ಮೇಲೆ ಒಳಗೆ ಸೇರಿದ ಗಾಳಿ ಹೊರಗೆ ಹೋಗಬೇಕಿತ್ತು. ನಟ್ಟು ಸಡಿಲ ಬಿಟ್ಟು ಇಂಜಿನ್ ತಿರುಗಿಸಿದರೆ ಮೊದಲು ನೊರೆ ಬರುತ್ತದೆ, ಆಮೇಲೆ ಬರಿಯ ಡೀಸೆಲ್, ಆಗ ಬಿಗಿಯಬೇಕು. ಡೀಸೆಲ್ ಉಕ್ಕುವ ಜಾಗಕ್ಕೇ ಕೈ ಒಯ್ಯಬೇಕಿತ್ತು. ಹರಕು ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ನಟ್ಟಿನ ಮೇಲೆ ಹೊದಿಸಿ, ಮುಖ ಹಿಂದಕ್ಕೆ ಮಾಡಿಕೊಂಡು ಸ್ಪ್ಯಾನರ್ ತಿರುಗಿಸಿದಳು. ಕುಪ್ಪುಸ್ವಾಮಿ ಮೂರನೆಯ ಸಲ ಸೆಲ್ಫ್ ಹೊಡೆದಾಗ ಇಂಜಿನ್ ಕೆಮ್ಮಿ ಹತ್ತಿಕೊಂಡಿತು.

ಆಗ ನಾಲ್ಕೂಕಾಲು.

ಗಾಡಿ ಹೊರಟಿತು, ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಅಶ್ವತ್ಥಪ್ಪ ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡಿದ್ದ. ಅಲ್ಲಲ್ಲಿ ಜನ ಗಂಟುಮೂಟೆ ಹೊತ್ತು ನಡೆಯುತ್ತಿದ್ದರು, ಕಾರಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಕುಪ್ಪುಸ್ವಾಮಿ ನಿಲ್ಲಿಸಲಿಲ್ಲ. ಅರ್ಧ ದಾರಿಯ ಏರಿನಲ್ಲಿ ಇಂಜಿನ್ ಎರಡು ಸಲ ಜರ್ಕು ಹೊಡೆದು ನಿಂತುಬಿಟ್ಟಿತು. ಗಾಳಿ ಇನ್ನೂ ಉಳಿದಿತ್ತು. ಗಂಗರತ್ನಮ್ಮ ಗಂಡನನ್ನು ಕೇಳಲಿಲ್ಲ. ತೊಡೆಯ ಮೇಲಿದ್ದ ಅವನ ಕೈಯ ಕೆಳಗೆ ಟವೆಲ್ಲನ್ನು ಸುತ್ತಿ ಒತ್ತಾಗಿಟ್ಟು, ಇಳಿದು, ಬಾನೆಟ್ ಎತ್ತಿಸಿ, ನಾಲ್ಕು ನಟ್ಟನ್ನೂ ಒಂದೊಂದಾಗಿ ಸಡಿಲಿಸಿ ಗಾಳಿ ಬಿಟ್ಟಳು. ಎರಡನೆಯದರಲ್ಲಿ ನೊರೆ ಸಿಕ್ಕಿತು. ನಟ್ಟಿನ ಮೇಲೆ ಬಟ್ಟೆ ಹೊದಿಸುವುದನ್ನು ಮಾತ್ರ ಮರೆಯಲಿಲ್ಲ. ಕುಪ್ಪುಸ್ವಾಮಿ ಅವಳು ಹೇಳಿದಂತೆ ಸೆಲ್ಫ್ ಹೊಡೆಯುತ್ತಿದ್ದ.

ಉರಿಗಾಂನ ಆ ಆಸ್ಪತ್ರೆಯ ವರಾಂಡದಲ್ಲಿ ಹದಿನೈದು ಜನ ಕೂತಿದ್ದರು. ಚೀಟಿ ಬರೆಯುತ್ತಿದ್ದ ನರ್ಸಮ್ಮ ಬೆರಳನ್ನು ನೋಡಿ, ಸಣ್ಣ ಚುಚ್ಚುಗಾಯ, ಸರದಿಯಲ್ಲಿ ಕೂತುಕೊಳ್ಳಿ ಎಂದಳು. ಗಂಗರತ್ನಮ್ಮ ಕೂರಲಿಲ್ಲ. ಬೆಳಗಿನಿಂದ ಅವಳು ಯಾರ ಹತ್ತಿರವೂ ದನಿ ಎತ್ತಿರಲಿಲ್ಲ, ಈಗಲೂ ಎತ್ತಲಿಲ್ಲ. ಆದರೆ ಒಳಗಿನ ಬಾಗಿಲಿಗೆ ಕೇಳಿಸುವ ಹಾಗೆ ನಿಂತು ಹೇಳಿದಳು:

“ಚುಚ್ಚಿರೋದಲ್ಲ ಕಣಮ್ಮ. ನಾಝಲ್ ಟೆಸ್ಟರಿಂದ ಡೀಸೆಲ್ ಒಳಕ್ಕೋಗೈತೆ. ಒತ್ತಡ ನೂರಮೂವತ್ತೈದು ಕೆಜಿ. ಒಂದು ಗಂಟೆಗಾಗಿದ್ದು.”

ಒಳಗೆ ಯಾರದೋ ಎದೆಗೆ ನಳಿಕೆ ಇಟ್ಟು ಕೇಳುತ್ತಿದ್ದ ಡಾಕ್ಟರು ನಳಿಕೆಯನ್ನು ಕಿವಿಯಿಂದ ತೆಗೆದರು. ನೆರೆತ ತಲೆಯ, ಸಣ್ಣ ಆಳು. ಎದ್ದು ಬಂದು ಅಶ್ವತ್ಥಪ್ಪನ ಕೈ ಹಿಡಿದು ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ ಒತ್ತುತ್ತ ಹೋದರು. ಒತ್ತಡ ಎಷ್ಟೆಂದು ಇನ್ನೊಮ್ಮೆ ಹೇಳಿ ಎಂದರು. ಅವಳು ಹೇಳಿದಳು.

“ನಿಮಗೆ ಹೇಗೆ ಗೊತ್ತು?”

“ಮುಳ್ಳು ನೋಡ್ತಿದ್ದೆ ಸಾಮಿ. ಇಡಿ ಒತ್ತಿದ್ದು ನಾನೇಯ.”

ಡಾಕ್ಟರು ಸರದಿಯವರನ್ನೆಲ್ಲ ಕಾಯಲು ಹೇಳಿ, ನೀರು ಕುದಿಯಲು ಇಡಿಸಿದರು. ಗಣಿಯಲ್ಲಿದ್ದಾಗ ಇಂಥವು ನಾಲ್ಕು ಕಂಡಿದ್ದೇನೆ, ಮೂವರು ತಡವಾಗಿ ಬಂದರು ಎಂದರು. ಬೆರಳನ್ನು ಉದ್ದಕ್ಕೂ ಸೀಳಿ, ಒಳಗೆ ಹರಡಿದ ಎಣ್ಣೆಯನ್ನೂ ಸತ್ತ ಮಾಂಸವನ್ನೂ ತೆಗೆಯಬೇಕು, ಗಾಯವನ್ನು ಹೊಲಿಯದೆ ತೆರೆದೇ ಇಡಬೇಕು. ಬೆರಳಿನ ಮಾತು ಕೊಡಲಾರೆ, ಕೈ ಉಳಿಯುತ್ತದೆ ಎಂದರು.

ಬಾಗಿಲು ಮುಚ್ಚಿತು. ಗಂಗರತ್ನಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಳು. ಹಸುಗಳು ಕೆಚ್ಚಲು ಬಿಗಿದು ಕೂಗುತ್ತಿರುತ್ತವೆ, ಅತ್ತೆ ಮಂಡಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ ಎಂದು ನೆನಪಾಯಿತು. ಕುಪ್ಪುಸ್ವಾಮಿ, ತಾನು ಊರಿಗೆ ಹೋಗಿ ಸುದ್ದಿ ಮುಟ್ಟಿಸಿ ಪಕ್ಕದ ಮನೆಯವರಿಗೆ ಹಾಲು ಕರೆಯಲು ಹೇಳಿ ಬರುತ್ತೇನೆ ಎಂದ. ಮೂರು ನಾಝಲಿನಲ್ಲೇ ಹೋಗುತ್ತೀಯಾ ಎಂದು ಅವಳು ಕೇಳಿದಳು. ಬಂದಿದೆಯಲ್ಲ ಅಕ್ಕಾ, ಹೋಗುತ್ತದೆ ಎಂದ. ಅವನು ಹೋದ ಮೇಲೆ ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಮಸಿ, ಗ್ರೀಸು, ಗೀರುಗಳು. ಇದೇ ಕೈ ಒತ್ತಿದ್ದು. ಅಳು ಬರಬಹುದು ಅನ್ನಿಸಿತು. ಅಳು ಬರಲಿಲ್ಲ, ಆಕಳಿಕೆ ಬಂತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಶ್ವತ್ಥಪ್ಪ ಅಲ್ಲಿ ಹದಿನಾಲ್ಕು ದಿನ ಇದ್ದ. ಆರನೆಯ ದಿನ ಎರಡನೆಯ ಸಲ ಒಳಗೆ ಕರೆದುಕೊಂಡು ಹೋಗಿ ತೋರುಬೆರಳನ್ನು ನಡುಗೆಣ್ಣಿಗೆ ತೆಗೆದರು. ಅಂಗೈ ಉಳಿಯಿತು, ಉಳಿದ ಬೆರಳುಗಳು ಉಳಿದವು. ಗಂಗರತ್ನಮ್ಮ ದಿನಾ ಬೆಳಗಿನ ಕೆಲಸ ಮುಗಿಸಿ ರೈಲಿನಲ್ಲಿ ಊಟ ತರುತ್ತಿದ್ದಳು, ಸಂಜೆ ಹಾಲಿನ ಹೊತ್ತಿಗೆ ವಾಪಸು ಓಡುತ್ತಿದ್ದಳು. ಗಂಡನಿಗೆ ಹೇಳಬೇಕಾದ ಮಾತೊಂದು ಬಾಕಿ ಉಳಿದಿತ್ತು. ಬೆರಳು ತೆಗೆದ ಮಾರನೆಯ ದಿನ, ಅವನು ಎಡಗೈಯಲ್ಲಿ ಅನ್ನ ಕಲಸುವುದನ್ನು ನೋಡುತ್ತ, ಅದನ್ನು ಹೇಳಿದಳು.

“ನೀನು ನಿಲ್ಸು ಅಂದೆ. ನಂಗೆ ಕೇಳಿಸ್ತು. ಆದ್ರೂ ಕೈ ಇನ್ನೊಂದ್ಸಾರಿ ಇಳೀತು. ನಿದ್ದೆ ಬಂದಿತ್ತು ನಂಗೆ.”

ಅಶ್ವತ್ಥಪ್ಪ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಕಿಟಕಿಯ ಆಚೆ ಗಣಿ ಮಣ್ಣಿನ ಬೂದು ದಿಬ್ಬ ಬಿಸಿಲಿಗೆ ಹೊಳೆಯುತ್ತಿತ್ತು.

“ಇಪ್ಪತ್ತೊರ್ಸದಿಂದ ನಾನು ಅದರ ಬಾಯಿಗೆ ಬೆರಳಿಟ್ಟೋನಲ್ಲ,” ಎಂದ. “ಅವತ್ತು ಯಾಕಿಟ್ಟೆ ಏಳು? ನಂಗೂ ನಿದ್ದೆ ಬಂದಿತ್ತು ಕಣೇ.”

ಆಮೇಲೆ ಇಬ್ಬರೂ ಅದರ ಮಾತು ಎತ್ತಲಿಲ್ಲ. ಅವಳ ಎದೆ ಹಗುರಾಯಿತು ಎಂದೇನೂ ಅಲ್ಲ. ಆದರೆ ಅವತ್ತು ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿದವಳಿಗೆ ಬಂಗಾರಪೇಟೆಯವರೆಗೆ ಎಚ್ಚರವಾಗಲಿಲ್ಲ.

ಮನೆಗೆ ಬಂದ ಮೇಲೆ ಅಶ್ವತ್ಥಪ್ಪ ಒಂದು ತಿಂಗಳು ಶೆಡ್ಡಿನ ಕಡೆ ಹೋಗಲಿಲ್ಲ. ಸೂಜಿ ಜಾರುವುದನ್ನು ಬೆರಳ ತುದಿಯಲ್ಲಿ ತಿಳಿಯಬೇಕಾದ ಕೆಲಸ ಅದು, ಆ ತುದಿಯೇ ಹೋಯಿತಲ್ಲ ಎನ್ನುತ್ತಿದ್ದ. ಕುಪ್ಪುಸ್ವಾಮಿ ಇನ್ನೂ ಮೂರರ ಮೇಲೆಯೇ ಗಾಡಿ ಓಡಿಸುತ್ತಿದ್ದ. ಬೇರೆ ಕಡೆ ಮಾಡಿಸಬಾರದೇ ಎಂದರೆ ನೋಡೋಣ ಎನ್ನುತ್ತಿದ್ದ. ಒಂದು ಭಾನುವಾರ ಅವನು ಕಾರು ತಂದು ಹುಣಸೆಮರದ ಕೆಳಗೆ ನಿಲ್ಲಿಸಿ, ಮನೆಗೇ ಬಂದು ಇಬ್ಬರನ್ನೂ ಕರೆದ.

ಗಂಗರತ್ನಮ್ಮ ನಾಲ್ಕನೆಯದನ್ನು ಬಿಚ್ಚಿದಳು. ಗಂಡ ಪಕ್ಕದಲ್ಲಿ ಕೂತು ಹೇಳುತ್ತ ಹೋದ: ನಯ ಮಾಡುವ ಪೇಸ್ಟು ಅಕ್ಕಿಕಾಳಿನಷ್ಟು ಸಾಕು, ಸೂಜಿಯನ್ನು ಒತ್ತಬೇಡ, ಬರೀ ತಿರುಗಿಸು, ಹತ್ತು ಸುತ್ತಿಗೊಮ್ಮೆ ತೊಳೆ. ಬಿತ್ತನೆ ರಾಗಿ ಆರಿಸಿದ, ರೇಷ್ಮೆಹುಳುವಿನ ಮರಿ ಬಿಡಿಸಿದ ಬೆರಳು ಅವಳದು. ತಡೆ ಎಲ್ಲಿದೆ ಎಂದು ಬೇಗ ತಿಳಿಯಿತು. ಎರಡು ಗಂಟೆಯಾದ ಮೇಲೆ ಸೂಜಿ ತಡೆಯಿಲ್ಲದೆ ಜಾರಿತು. ಟೆಸ್ಟರಿಗೆ ಸಿಕ್ಕಿಸಿದಾಗ ಅಶ್ವತ್ಥಪ್ಪ ಎಡಗೈಯಿಂದ ಹಿಡಿ ಹಿಡಿದ. ಅವಳು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅವನು ಒತ್ತಿದ. ಕರ್‍ರ್ ಎಂದಿತು, ಹೊಗೆಯಾಗಿ ಹರಡಿತು. ಸಾಕು ಎಂದಳು. ಅವನು ತಕ್ಷಣ ಕೈ ತೆಗೆದ.

ಅಲ್ಲಿಂದ ಮುಂದೆ ಕೆಲಸ ಹಾಗೆಯೇ ನಡೆಯಿತು. ಅವನು ಕೇಳಿ ಹೇಳುವವನು, ಒತ್ತುವವನು. ಅವಳು ಬಿಚ್ಚಿ, ತೊಳೆದು, ಕೂರಿಸುವವಳು. ಎರಡೂ ಕಡೆ ದುಡಿಯುವುದು ಆಗದೆ ಒಂದು ಹಸುವನ್ನು ಕೊಟ್ಟುಬಿಟ್ಟರು. ಅಮ್ಮಾಜಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ತಾನೇ ಕೂತಲ್ಲಿಂದ ಮುದ್ದೆ ತೊಳಸಲು ಒಲೆಯನ್ನು ತಗ್ಗಿನಲ್ಲಿ ಹಾಕಿಸಿಕೊಂಡಳು. ಹಳೇ ಗಿರಾಕಿಗಳಲ್ಲಿ ಅರ್ಧ ಜನ ಬಂದರು, ಅರ್ಧ ಜನ ಕೋಲಾರಕ್ಕೆ ಹೋದರು.

ಮಳೆಗಾಲ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಗೊತ್ತಿಲ್ಲದ ಜೀಪೊಂದು ಬಂತು. ಡ್ರೈವರು ಇಳಿದು ಮೇಸ್ತ್ರಿ ಯಾರು ಎಂದ. ಅಶ್ವತ್ಥಪ್ಪ ಹೆಂಡತಿಯ ಕಡೆ ಕೈ ತೋರಿಸಿದ. ಡ್ರೈವರು ಅವಳನ್ನೂ ಅವನ ಮೊಂಡು ಬೆರಳನ್ನೂ ನೋಡಿ, ಆಮೇಲೆ ಬರುತ್ತೇನೆ ಎಂದು ಜೀಪು ತಿರುಗಿಸಿಕೊಂಡು ಹೋದ. ಬರುವುದಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು. ಅಶ್ವತ್ಥಪ್ಪ ಏನೋ ಸಮಾಧಾನ ಹೇಳಲು ಬಾಯಿ ತೆರೆದ. ಗಂಗರತ್ನಮ್ಮನಿಗೆ ಬೇಸರವಾಗಿರಲಿಲ್ಲ, ಬೆಳಗಿನಿಂದ ಮೂರನೆಯ ಗಾಡಿ ಅದು, ಹೋದದ್ದು ಒಳ್ಳೆಯದೇ ಆಯಿತು ಅನ್ನಿಸಿತ್ತು.

“ಒಂದರ್ಧ ಗಂಟೆ ಮಲೀಕಂತೀನಿ,” ಎಂದು ಅವಳು ಗೋಣಿಚೀಲ ಹಾಸಿಕೊಂಡು ಗೋಡೆಯ ಕಡೆ ಹೊರಳಿದಳು.

ಅಶ್ವತ್ಥಪ್ಪ ಬಾಗಿಲಿಗೆ ಬಂದು ಕಲ್ಲಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನವನೊಬ್ಬ ಬಂದು ಶೆಡ್ಡಿನೊಳಕ್ಕೆ ಇಣುಕಿದ. ಅಶ್ವತ್ಥಪ್ಪ ದನಿ ತಗ್ಗಿಸಿ, ಸಂಜೆ ಬಾಪ್ಪ ಎಂದ.